ಹಳೇ ವ್ಯಾನಿನ ಚಾರ್ಜಿಂಗ್ ತೊಂದರೆ: ಏನನ್ನೂ ಬದಲಿಸುವ ಮುಂಚೆ ಮೀಟರ್ ಎಲ್ಲೆಲ್ಲಿ ಇಡಬೇಕು

ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಬೆನ್ನಿಗಿರುವ ದಪ್ಪ ಬೋಲ್ಟಿನ ಮೇಲೆ 14.4 ವೋಲ್ಟ್. ಎಂಜಿನ್ ಹಾಗೇ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.0. ಈ ಎರಡು ಅಂಕಿಗಳನ್ನು ಮೊದಲ ದಿನವೇ ಅಳೆದು ನೋಡಿದ್ದರೆ ನನ್ನ ಹಳೆಯ ಡೀಸೆಲ್ ವ್ಯಾನಿಗೆ ಎರಡು ಸಲ ಬ್ಯಾಟರಿ, ಒಂದು ಸಲ ಆಲ್ಟರ್ನೇಟರ್ ಹಾಕಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಹೋಗಿದೆ ಅಂದರು, ಹಾಕಿಸಿದೆ. ಮೂರು ತಿಂಗಳಿಗೆ ಮತ್ತೆ ಡೌನ್. ಆಲ್ಟರ್ನೇಟರ್ ಹೋಗಿದೆ ಅಂದರು, ಅದನ್ನೂ ಹಾಕಿಸಿದೆ. ಅಷ್ಟರಲ್ಲಿ ಅರೆಹೊಟ್ಟೆಯಲ್ಲೇ ದುಡಿದ ಹೊಸ ಬ್ಯಾಟರಿಯೂ ಹಾಳಾಗಿ ಇನ್ನೊಂದು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ತಪ್ಪು ಬ್ಯಾಟರಿಯಲ್ಲೂ ಇರಲಿಲ್ಲ, ಆಲ್ಟರ್ನೇಟರಿನಲ್ಲೂ ಇರಲಿಲ್ಲ. ಅವೆರಡರ ನಡುವಿನ ತಂತಿಯ ದಾರಿಯಲ್ಲಿತ್ತು.

ಹೊಸ ಗಾಡಿಗಳಲ್ಲಿ ಏನಾದರೂ ಕೆಟ್ಟರೆ ಕಂಪ್ಯೂಟರ್ ಒಂದು ಕೋಡ್ ಕೊಡುತ್ತದೆ. ನನ್ನದರಂಥ ಹಳೆಯ ವ್ಯಾನಿನಲ್ಲಿ ಕೋಡ್ ಕೊಡುವುದು ಒಂದು ಕೆಂಪು ದೀಪ ಮತ್ತು ನಿಮ್ಮ ಕೈಯಲ್ಲಿರುವ ಮೀಟರ್, ಎರಡೇ. ಅಷ್ಟು ಸಾಕು ಕೂಡ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು ಜೊತೆ ಜಂಪರ್ ಕೇಬಲ್, ತಂತಿ ಬ್ರಷ್, ಉಪ್ಪುಕಾಗದ, ಸ್ಪ್ಯಾನರುಗಳು. ಬ್ಯಾಟರಿಗೆ ನೀರು ಹಾಕುವ ಮುಚ್ಚಳಗಳಿದ್ದರೆ ಒಳಗಿನ ಆಮ್ಲದ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್.

ಕೆಲಸಕ್ಕೆ ಇಳಿಯುವ ಮುಂಚೆ ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ದಪ್ಪ ತಂತಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕೆಂಪಗೆ ಕಾಯಲು ಒಂದೆರಡು ಸೆಕೆಂಡು ಸಾಕು. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಬೇಡ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇನ್ನೊಂದು ಮಾತು: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕ್ಲ್ಯಾಂಪ್ ಕಿತ್ತು, ‘ಗಾಡಿ ಆಫ್ ಆಗಲಿಲ್ಲ, ಅಂದರೆ ಆಲ್ಟರ್ನೇಟರ್ ಸರಿ ಇದೆ’ ಎಂದು ತೀರ್ಮಾನಿಸುವ ಹಳೆಯ ಅಭ್ಯಾಸವೊಂದಿದೆ. ದಯವಿಟ್ಟು ಮಾಡಬೇಡಿ. ಬ್ಯಾಟರಿ ತಪ್ಪಿದ ಕೂಡಲೇ ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟಿಗೆ ಜಿಗಿಯಬಹುದು. ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಕಟೌಟು (ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್), ರೇಡಿಯೋ ಯಾವುದು ಬೇಕಾದರೂ ಸುಡಬಹುದು. ಅದೂ ಅಲ್ಲದೆ ಡೀಸೆಲ್ ಎಂಜಿನ್ ಓಡಲು ಬೆಂಕಿಕಿಡಿಯೇ ಬೇಡ, ಆದ್ದರಿಂದ ಆ ಪರೀಕ್ಷೆಯಿಂದ ತಿಳಿಯುವುದೂ ಏನಿಲ್ಲ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಮಾತಿನಲ್ಲಿ ಆಲ್ಟರ್ನೇಟರನ್ನೂ ‘ಡೈನಮೋ’ ಎಂದೇ ಕರೆಯುತ್ತಾರೆ. ನಿಜವಾದ ಡೈನಮೋ ಬೇರೆ. ಉದ್ದಕ್ಕೆ ತೆಳ್ಳಗಿನ ಕೊಳವೆಯಂತಿರುತ್ತದೆ, ಅದರ ಕಟೌಟ್ ಡಬ್ಬಿ ಬಾಡಿಯ ಮೇಲೆ ಪ್ರತ್ಯೇಕವಾಗಿ ಕೂತಿರುತ್ತದೆ. ತೀರಾ ಹಳೆಯ ವ್ಯಾನುಗಳಲ್ಲಿ ಮಾತ್ರ ಕಾಣಸಿಗುತ್ತದೆ. ಐಡ್ಲಿಂಗಿನಲ್ಲಿ ಡೈನಮೋ ಚಾರ್ಜ್ ಮಾಡುವುದೇ ಇಲ್ಲ ಅನ್ನಬಹುದು, ಕೆಂಪು ದೀಪ ಮಿಣುಕುತ್ತಿರುತ್ತದೆ. ಅದು ದೋಷವಲ್ಲ, ಅದರ ಜಾಯಮಾನ. ಇಲ್ಲಿ ಹೇಳುವುದೆಲ್ಲ ಗಿಡ್ಡಗೆ ಗುಂಡಗಿರುವ ಆಲ್ಟರ್ನೇಟರಿನ ವಿಷಯ.

ಮೊದಲು ಬ್ಯಾಟರಿಯನ್ನು ಅನುಮಾನದಿಂದ ಹೊರಗಿಡಿ

ಸತ್ತ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಅಳತೆಯನ್ನೂ ನಂಬುವಂತಿಲ್ಲ. ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿ, ನಾಲ್ಕೈದು ಗಂಟೆ ಸುಮ್ಮನೆ ಬಿಡಿ. ಅಷ್ಟು ಹೊತ್ತು ಇಲ್ಲವಾದರೆ ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ, ಆರಿಸಿ, ಆಮೇಲೆ ಅಳೆಯಿರಿ. ಚಾರ್ಜ್ ಆದ ತಕ್ಷಣ ಪ್ಲೇಟುಗಳ ಮೇಲ್ಮೈಯಲ್ಲಿ ನಿಂತಿರುವ ತೋರಿಕೆಯ ವೋಲ್ಟೇಜ್ ಹಾಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಸಾಯುತ್ತಿರುವ ಬ್ಯಾಟರಿಯೂ ಐದು ನಿಮಿಷ 13 ತೋರಿಸಿ ಮೋಸ ಮಾಡುತ್ತದೆ.

ನೀರು ಹಾಕುವ ಸಾಧಾರಣ ಸೀಸ-ಆಮ್ಲದ ಬ್ಯಾಟರಿ 12.6 ಅಥವಾ ಸ್ವಲ್ಪ ಮೇಲೆ ನಿಂತರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತಿದ್ದರೆ ಆರು ಸೆಲ್ಲುಗಳಲ್ಲಿ ಒಂದು ಶಾರ್ಟ್ ಆಗಿದೆ ಎಂದೇ ಲೆಕ್ಕ. ಒಂದೊಂದು ಸೆಲ್ಲಿನ ಪಾಲು ಸುಮಾರು 2.1 ವೋಲ್ಟ್. ಹೈಡ್ರೋಮೀಟರ್ ಇದ್ದರೆ ಇನ್ನೂ ಸ್ಪಷ್ಟ. ತುಂಬಿದ ಸೆಲ್ 1.265ರಿಂದ 1.28 ತೋರಿಸುತ್ತದೆ. ಐದು ಸೆಲ್ ಒಂದೇ ಸಮ ಇದ್ದು ಆರನೆಯದು 0.05ರಷ್ಟು ಕೆಳಗಿದ್ದರೆ ಮುಂದೆ ಯೋಚಿಸುವುದೇನೂ ಇಲ್ಲ, ಅದು ಹೋದ ಬ್ಯಾಟರಿ.

ಕೊನೆಗೆ ಭಾರದ ಪರೀಕ್ಷೆ, ಅಂದರೆ ಕರೆಂಟ್ ಎಳೆಸಿ ನೋಡುವುದು. ಮೀಟರನ್ನು ಬ್ಯಾಟರಿಯ ಸೀಸದ ಗೂಟಗಳ ಮೇಲೇ ಒತ್ತಿ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಎಂಜಿನ್ ತಿರುಗುತ್ತಿರುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಅಥವಾ ಸೆಲ್ಫ್ ಮೋಟಾರ್ ಮಿತಿಮೀರಿ ಎಳೆಯುತ್ತಿದೆ. 10ರ ಮೇಲೆ ನಿಂತೂ ಸೆಲ್ಫ್ ಮಾತ್ರ ಕುಂಟುತ್ತಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಶಕ್ತಿ ಇದೆ, ಹೋಗಬೇಕಾದಲ್ಲಿಗೆ ಹೋಗುತ್ತಿಲ್ಲ. ಈ ಸುಳಿವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆಲ್ಟ್

ಇದಕ್ಕೆ ಹೆಚ್ಚು ಹೊತ್ತು ಬೇಡ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಸ್ಟಾರ್ಟ್ ಆದ ಕೂಡಲೇ ಅಥವಾ ಹೆಡ್‌ಲೈಟ್ ಹಾಕಿದಾಗ ಕಿರ್ರೆಂದು ಕಿರುಚಿದರೆ ಸಡಿಲವಾಗಿದೆ. ವಿ ಆಕಾರದ ಬೆಲ್ಟ್ ತನ್ನ ಎರಡು ಪಕ್ಕಗಳಿಂದ ಪುಲ್ಲಿಯನ್ನು ಹಿಡಿಯಬೇಕು. ಸವೆದ ಬೆಲ್ಟ್ ಕೆಳಗಿಳಿದು ಪುಲ್ಲಿಯ ತಳವನ್ನು ಮುಟ್ಟಿರುತ್ತದೆ, ತಳ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅಂಥದ್ದನ್ನು ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಅತಿಯಾಗಿ ಬಿಗಿದರೆ ಆಲ್ಟರ್ನೇಟರಿನ ಬೇರಿಂಗ್ ಹಾಡತೊಡಗುತ್ತದೆ.

ದಾರಿಯಲ್ಲಿ ಕೆಂಪು ದೀಪ ಇದ್ದಕ್ಕಿದ್ದಂತೆ ಹತ್ತಿತೆಂದರೆ ‘ಚಾರ್ಜ್ ತಾನೇ, ಮನೆಗೆ ಹೋಗಿ ನೋಡೋಣ’ ಎನ್ನಬೇಡಿ. ಬಹಳಷ್ಟು ವ್ಯಾನುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಿನ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನುಗಳ ಮೊದಮೊದಲ ಎಂಜಿನ್ನಿನಲ್ಲಿ ತಣಿಸುವ ಫ್ಯಾನ್ ಕೂತಿರುವುದೇ ಜನರೇಟರಿನ ದಂಡದ ಮೇಲೆ. ಬೆಲ್ಟ್ ಹರಿಯಿತೆಂದರೆ ಫ್ಯಾನೂ ನಿಂತಂತೆ. ಕೆಲವು ಡೀಸೆಲ್ ವ್ಯಾನುಗಳಲ್ಲಿ ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುವ ಪಂಪ್ ಆಲ್ಟರ್ನೇಟರಿನ ಹಿಂಬದಿಗೇ ಜೋಡಿಸಿರುತ್ತದೆ. ಅಲ್ಲಿ ಬೆಲ್ಟ್ ಹೋದರೆ ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಗಾಡಿಯನ್ನು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಬೆಲ್ಟ್ ಇದೆಯೋ ಇಲ್ಲವೋ ನೋಡುವುದೇ ಸರಿ.

ಕೆಂಪು ದೀಪ ಹೇಳುವುದೇನು

ಈ ದೀಪವನ್ನು ಬರೀ ಎಚ್ಚರಿಕೆಯ ದೀಪ ಎಂದುಕೊಂಡವರೇ ಜಾಸ್ತಿ. ಹಳೆಯ ವ್ಯಾನಿನಲ್ಲಿ ಅದು ಚಾರ್ಜಿಂಗ್ ವ್ಯವಸ್ಥೆಯ ಒಂದು ಅಂಗವೇ. ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟ್ ಕೀ ಸ್ವಿಚ್ಚಿನಿಂದ ಆ ಬಲ್ಬಿನ ಒಳಗೆ ಹಾದು, ತೆಳ್ಳನೆಯ ತಂತಿಯಲ್ಲಿ ಆಲ್ಟರ್ನೇಟರಿನ ಡಿ ಪ್ಲಸ್ ಟರ್ಮಿನಲ್ಲಿಗೆ ಬಂದು, ಕಟೌಟ್ ಮತ್ತು ಕಾರ್ಬನ್ ಬ್ರಷ್ ಮೂಲಕ ತಿರುಗುವ ರೋಟರಿನ ಸುರುಳಿ ಸೇರುತ್ತದೆ. ಎರಡು ಮೂರು ವ್ಯಾಟಿನ ಬಲ್ಬಿನಲ್ಲಿ ಹರಿಯುವುದು 0.2 ಆಂಪಿಯರಿನಷ್ಟು ಮಾತ್ರ. ಆದರೆ ರೋಟರಿಗೆ ಮೊದಲ ಅಯಸ್ಕಾಂತ ಶಕ್ತಿ ಬರುವುದು ಆ ಚಿಟಿಕೆ ಕರೆಂಟಿನಿಂದಲೇ. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ ತನ್ನ ಪುಟ್ಟ ಡಯೋಡುಗಳಿಂದ ಡಿ ಪ್ಲಸ್‌ಗೆ ತಾನೇ ವೋಲ್ಟೇಜ್ ಕೊಡುತ್ತದೆ. ಆಗ ಬಲ್ಬಿನ ಎರಡೂ ಬದಿ ಒಂದೇ ವೋಲ್ಟೇಜ್, ದೀಪ ಆರುತ್ತದೆ. ಅಂದರೆ ಬಲ್ಬ್ ಮಾಡುತ್ತಿರುವ ಕೆಲಸ ಎರಡು ತುದಿಗಳನ್ನು ಹೋಲಿಸುವುದು. ಇಷ್ಟು ಅರ್ಥವಾದರೆ ಅದರ ಪ್ರತಿಯೊಂದು ಚೇಷ್ಟೆಯನ್ನೂ ಓದಬಹುದು.

ಕೀ ಆನ್ ಮಾಡಿದಾಗ ದೀಪ ಹತ್ತುವುದೇ ಇಲ್ಲ: ಡಿ ಪ್ಲಸ್‌ನ ತೆಳ್ಳನೆಯ ತಂತಿಯನ್ನು ಬಿಚ್ಚಿ ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿ. ಜೋಕೆ, ಪಕ್ಕದ ದಪ್ಪ ತಂತಿ ನೇರ ಬ್ಯಾಟರಿಯದು, ಅದನ್ನು ಮುಟ್ಟಿಸಿದರೆ ಪಟಾಕಿ ಹೊಡೆದಂತಾಗುತ್ತದೆ. ತೆಳ್ಳನೆಯದನ್ನು ಮುಟ್ಟಿಸಿದಾಗ ದೀಪ ಹತ್ತಿದರೆ ಬಲ್ಬು, ಫ್ಯೂಸು, ತಂತಿ ಸರಿ ಇವೆ. ಕಾರ್ಬನ್ ಬ್ರಷ್ ಸವೆದಿದೆ ಅಥವಾ ಕಟೌಟ್ ಕೆಟ್ಟಿದೆ. ಆಗಲೂ ಹತ್ತದಿದ್ದರೆ ಬಲ್ಬ್ ಹೋಗಿದೆ, ಇಲ್ಲವೇ ತಂತಿ ಎಲ್ಲೋ ತುಂಡಾಗಿದೆ. ಬಲ್ಬ್ ಹೋದ ಗಾಡಿ ಕೆಲವೊಮ್ಮೆ ಎಂಜಿನ್ ಚೆನ್ನಾಗಿ ರೇಸ್ ಮಾಡಿದ ಮೇಲೆ ಉಳಿಕೆ ಅಯಸ್ಕಾಂತತ್ವದಿಂದ ಚಾರ್ಜ್ ಹಿಡಿಯುತ್ತದೆ, ಕೆಲವೊಮ್ಮೆ ಇಲ್ಲ. ‘ಒಂದು ದಿನ ಚಾರ್ಜ್ ಆಗುತ್ತೆ, ಒಂದು ದಿನ ಆಗಲ್ಲ’ ಎಂಬ ದೂರಿನ ಹಿಂದೆ ಇದೂ ಒಂದು ಕಾರಣ. ಮೀಟರ್ ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಸಿದವರು ಇಲ್ಲಿ ಎಡವುತ್ತಾರೆ. ಎಲ್‌ಇಡಿ ದೀಪ ಚೆಂದವಾಗಿ ಹತ್ತಿ ಆರುತ್ತದೆ, ರೋಟರಿಗೆ ಹೋಗಬೇಕಾದ ಕರೆಂಟ್ ಮಾತ್ರ ಹೋಗುವುದಿಲ್ಲ. ಆ ಒಂದು ಜಾಗಕ್ಕೆ ಹಳೆಯ ಬಲ್ಬೇ ಇರಲಿ.

ಎಂಜಿನ್ ಓಡುವಾಗ ದೀಪ ಜೋರಾಗಿ ಉರಿಯುತ್ತಿದೆ: ಆಲ್ಟರ್ನೇಟರ್ ಏನೂ ಕೊಡುತ್ತಿಲ್ಲ, ಅಥವಾ ಡಿ ಪ್ಲಸ್ ತಂತಿ ಎಲ್ಲೋ ಉಜ್ಜಿ ಬಾಡಿಗೆ ಅರ್ತ್ ಆಗಿದೆ. ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಆ ತಂತಿ ಬಿಚ್ಚಿ. ದೀಪ ಆರಿದರೆ ತಪ್ಪು ಆಲ್ಟರ್ನೇಟರಿನದು, ಆರದಿದ್ದರೆ ತಂತಿಯದು.

ಕೀ ತೆಗೆದ ಮೇಲೂ ದೀಪ ಸಣ್ಣಗೆ ಉರಿಯುತ್ತಿದೆ: ಆಲ್ಟರ್ನೇಟರಿನ ಒಳಗೆ ಪ್ಲಸ್ ಬದಿಯ ಡಯೋಡ್ ಶಾರ್ಟ್ ಆಗಿ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಬರುತ್ತಿದೆ. ತಕ್ಷಣ ಬ್ಯಾಟರಿ ಬಿಚ್ಚಿಡಿ.

ಇನ್ನು ನನ್ನನ್ನು ಒಂದು ವರ್ಷ ಆಟ ಆಡಿಸಿದ ಸ್ಥಿತಿ. ಹಗಲಲ್ಲಿ ದೀಪ ಪೂರ್ತಿ ಆರಿದಂತೆ ಕಾಣುತ್ತಿತ್ತು. ಕತ್ತಲಲ್ಲಿ ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ ಓಡಿಸುವಾಗ, ಕೈಯಿಂದ ಮರೆ ಮಾಡಿ ನೋಡಿದರೆ ಬೂದಿ ಮುಚ್ಚಿದ ಕೆಂಡದಷ್ಟು ಕೆಂಪು. ಬ್ಲೋವರ್ ಆರಿಸಿದರೆ ಅದೂ ಮಾಯ. ಹಳೇ ಗಾಡಿ, ಏನೋ ಇರಬೇಕು ಎಂದು ಬಿಟ್ಟಿದ್ದೆ. ಬಲ್ಬ್ ಪಾಪ ಇದ್ದದ್ದನ್ನೇ ಹೇಳುತ್ತಿತ್ತು: ಆಲ್ಟರ್ನೇಟರಿನ ತುದಿಗೂ ಬ್ಯಾಟರಿಯ ತುದಿಗೂ ತಾಳೆಯಾಗುತ್ತಿಲ್ಲ ಅಂತ. ಮಂಕು ಬೆಳಕಿಗೆ ಕಾರಣ ಎರಡು. ಡಯೋಡ್ ಒಂದು ಹೋಗಿರಬಹುದು, ಅಥವಾ ದಪ್ಪ ತಂತಿಯ ದಾರಿಯಲ್ಲಿ ತಡೆ ಇರಬಹುದು. ಯಾವುದು ಎಂದು ತಿಳಿಯಲು ಮೀಟರ್ ಬೇಕು.

ಎಂಜಿನ್ ಓಡುವಾಗಿನ ಅಳತೆ

ಬ್ಯಾಟರಿಯ ಗೂಟಗಳ ಮೇಲೆ ಮೀಟರ್ ಇಟ್ಟು ಸ್ಟಾರ್ಟ್ ಮಾಡಿ. ಡೀಸೆಲ್ ಆದರೆ ಒಂದೆರಡು ನಿಮಿಷ ತಡೆಯಿರಿ, ಕೆಲವು ಎಂಜಿನ್ನುಗಳಲ್ಲಿ ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಹೀಟರ್ ಪ್ಲಗ್ ಕರೆಂಟ್ ಎಳೆಯುತ್ತಿರುತ್ತದೆ. ಆಮೇಲೆ 13.8ರಿಂದ 14.5ರ ಒಳಗೆ ನಿಂತರೆ ಮೇಲ್ನೋಟಕ್ಕೆ ಸರಿ. ನಿಂತಿದ್ದಾಗ ಇದ್ದ 12.5 ಹಾಗೇ ಇದ್ದು ನಿಧಾನಕ್ಕೆ ಇಳಿಯುತ್ತಿದ್ದರೆ ಚಾರ್ಜಿಂಗ್ ಇಲ್ಲವೇ ಇಲ್ಲ.

‘14 ಬರ್ತಿದೆ, ಓಕೆ’ ಎಂದು ಬಾನೆಟ್ ಮುಚ್ಚುವುದು ಇಲ್ಲೇ. ಮುಚ್ಚಬೇಡಿ. ಹೆಡ್‌ಲೈಟ್, ಬ್ಲೋವರ್, ವೈಪರ್, ಹಿಂದಿನ ಗಾಜಿನ ಹೀಟರ್ ಇದ್ದರೆ ಅದು, ಎಲ್ಲವನ್ನೂ ಹಾಕಿ ಎಂಜಿನ್ನನ್ನು ನಿಮಿಷಕ್ಕೆ 2000 ಸುತ್ತಿನ ಆಸುಪಾಸಿಗೆ ತನ್ನಿ. ಆಗಲೂ 13.5ರ ಮೇಲೆ ನಿಲ್ಲಬೇಕು. ಭಾರ ಹಾಕಿದ ಕೂಡಲೇ 13ಕ್ಕೆ, ಅದಕ್ಕಿಂತ ಕೆಳಕ್ಕೆ ಕುಸಿದರೆ ತೊಂದರೆ ಇದೆ. ಭಾರವಿಲ್ಲದಾಗ ಸರಿ, ಭಾರ ಬಂದಾಗ ಕುಸಿತ: ತಂತಿಯ ತಡೆಯ ಲಕ್ಷಣವೇ ಇದು. ಕರೆಂಟ್ ಹರಿಯದಿದ್ದರೆ ಎಂಥ ಕೊಳೆತ ಲಗ್ಗಿನಲ್ಲೂ (ತಂತಿಯ ತುದಿಗೆ ಒತ್ತಿಸಿದ, ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ವೋಲ್ಟೇಜ್ ನಷ್ಟವಾಗುವುದಿಲ್ಲ. ಆದ್ದರಿಂದಲೇ ಎಂಜಿನ್ ಆಫ್ ಮಾಡಿ ತಂತಿಯ ತುದಿಗಳಿಗೆ ಮೀಟರಿನ ‘ಬೀಪ್’ ಪರೀಕ್ಷೆ ಮಾಡುವುದರಿಂದ ಪ್ರಯೋಜನವಿಲ್ಲ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ.

ಹಳೆಯ ವ್ಯಾನುಗಳಿಗೆ ಕಾರ್ಖಾನೆಯಿಂದ ಬರುತ್ತಿದ್ದ ಆಲ್ಟರ್ನೇಟರುಗಳು ಚಿಕ್ಕವು, 35ರಿಂದ 55 ಆಂಪಿಯರಿನವು ಸಾಮಾನ್ಯ. ಐಡ್ಲಿಂಗಿನಲ್ಲಿ ಅಷ್ಟೂ ಸಿಗುವುದಿಲ್ಲ. ಆಮೇಲೆ ಕೂಡಿಸಿದ ಹೆಚ್ಚುವರಿ ದೀಪ, ಆಂಪ್ಲಿಫೈಯರ್, ಫ್ರಿಜ್ ಎಲ್ಲದರ ಲೆಕ್ಕ ಹಾಕಿದರೆ ಕೆಲವೊಮ್ಮೆ ದೋಷವೇ ಇರುವುದಿಲ್ಲ, ಖರ್ಚು ಆದಾಯವನ್ನು ಮೀರಿರುತ್ತದೆ ಅಷ್ಟೇ.

ತಂತಿಯ ದಾರಿ ಹಿಡಿದು

ಇದೇ ಮುಖ್ಯ ಪರೀಕ್ಷೆ, ಐದು ನಿಮಿಷದ ಕೆಲಸ. ಮೀಟರ್ ಡಿಸಿ ವೋಲ್ಟಿನಲ್ಲೇ ಇರಲಿ. ಎಂಜಿನ್ 2000 ಸುತ್ತಿನಲ್ಲಿ, ಎಲ್ಲ ಭಾರವೂ ಆನ್. ಬೆಲ್ಟಿನಿಂದ, ಫ್ಯಾನಿನಿಂದ ಕೈ, ತಂತಿ, ಬಟ್ಟೆಯ ತುದಿ ದೂರವಿರಲಿ. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿನ (ಬೆನ್ನಿಗಿರುವ ಆ ದಪ್ಪ ಬೋಲ್ಟ್) ಮೇಲೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಗೂಟದ ಮೇಲೆ ಇಡಿ. ಪ್ಲಸ್‌ನಿಂದ ಪ್ಲಸ್‌ಗೆ, ತಪ್ಪು ಓದಲಿಲ್ಲ ನೀವು. ದಾರಿಯಲ್ಲಿ ಕಳೆದುಹೋಗುತ್ತಿರುವಷ್ಟೇ ವೋಲ್ಟೇಜನ್ನು ಮೀಟರ್ ತೋರಿಸುತ್ತದೆ. 0.2 ಒಳಗೆ ಇದ್ದರೆ ಚೆನ್ನ. ಬ್ಯಾಟರಿ ಸೀಟಿನ ಕೆಳಗೋ ಹಿಂಬದಿಯಲ್ಲೋ ಇದ್ದು ತಂತಿ ಉದ್ದವಾದರೆ 0.3 ಒಪ್ಪಬಹುದು. 0.5 ಬಂದರೆ ಹುಡುಕಲೇಬೇಕು. ಆಮೇಲೆ ಮೈನಸ್ ಬದಿ: ಒಂದು ಕಡ್ಡಿ ಆಲ್ಟರ್ನೇಟರಿನ ಬರಿಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ. ಅಲ್ಲಿಯೂ 0.2 ಮೀರಬಾರದು.

ನನ್ನ ವ್ಯಾನಿನಲ್ಲಿ ಮೈನಸ್ ಬದಿ 0.08. ಪ್ಲಸ್ ಬದಿ 1.4. ಆ ಹೊತ್ತಿಗೆ 30 ಆಂಪಿಯರ್ ಹರಿಯುತ್ತಿತ್ತು ಎಂದಿಟ್ಟುಕೊಂಡರೂ 42 ವ್ಯಾಟ್. ಒಂದು ಸೋಲ್ಡರಿಂಗ್ ಐರನ್ನಿನಷ್ಟು ಶಾಖ ತಂತಿಯ ಯಾವುದೋ ಒಂದು ಬಿಂದುವಿನಲ್ಲಿ ಸುಮ್ಮನೆ ಸುರಿಯುತ್ತಿತ್ತು.

ಆ ಬಿಂದುವನ್ನು ಹಿಡಿಯಲು ಕಪ್ಪು ಕಡ್ಡಿಯನ್ನು ಬ್ಯಾಟರಿಯಿಂದ ಆಲ್ಟರ್ನೇಟರಿನ ಕಡೆಗೆ ಒಂದೊಂದೇ ನಿಲ್ದಾಣ ಹಿಂದಕ್ಕೆ ತರುತ್ತಾ ಬರಬೇಕು. ಸೀಸದ ಗೂಟ, 1.4. ಗೂಟವನ್ನು ಹಿಡಿದಿರುವ ಕ್ಲ್ಯಾಂಪ್, 1.4 (ಗೂಟಕ್ಕೂ ಕ್ಲ್ಯಾಂಪಿಗೂ ವ್ಯತ್ಯಾಸ ಬಂದಿದ್ದರೆ ಬಿಳಿ-ಹಸಿರು ಪುಡಿ ತೆಗೆದು ತಿಕ್ಕಿದರೆ ಮುಗಿಯುತ್ತಿತ್ತು). ಬಹಳ ಹಳೆಯ ವ್ಯಾನುಗಳಲ್ಲಿ ಇರುವಂತೆ ನನ್ನದರಲ್ಲೂ ಆಲ್ಟರ್ನೇಟರಿನ ತಂತಿ ನೇರ ಬ್ಯಾಟರಿಗೆ ಹೋಗುವುದಿಲ್ಲ, ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಬಂದು, ಅಲ್ಲಿಂದ ಬ್ಯಾಟರಿ ಕೇಬಲ್ ಹಿಡಿಯುತ್ತದೆ. ಸೆಲ್ಫ್ ಬೋಲ್ಟಿನ ಮೇಲಿದ್ದ ಬ್ಯಾಟರಿ ಕೇಬಲ್ಲಿನ ಲಗ್, 1.3. ಅದರ ಕೆಳಗಿದ್ದ ಆಲ್ಟರ್ನೇಟರ್ ತಂತಿಯ ಲಗ್, 0.1.

ಎರಡು ಲಗ್ಗುಗಳ ನಡುವಿನ ಅಂತರ ಒಂದು ಉಗುರಿನಷ್ಟೂ ಇಲ್ಲ. ಕಳೆಯುತ್ತಿದ್ದ 1.4ರಲ್ಲಿ 1.2 ವೋಲ್ಟ್ ಅಲ್ಲೇ ಹೋಗುತ್ತಿತ್ತು.

ಬ್ಯಾಟರಿಯ ಮೈನಸ್ ಬಿಚ್ಚಿ, ವ್ಯಾನಿನ ಕೆಳಗೆ ಮಲಗಿ ಎಣ್ಣೆಜಿಡ್ಡು ಒರೆಸಿ ನೋಡಿದರೆ ನಟ್ಟು ಬೆರಳಿಗೇ ತಿರುಗಿತು. ಹಿಂದೆಂದೋ ಸೆಲ್ಫ್ ರಿಪೇರಿಗೆ ಇಳಿಸಿದವರು ವಾಪಸ್ ಹಾಕುವಾಗ ಸ್ಪ್ರಿಂಗ್ ವಾಷರನ್ನು ನಟ್ಟಿನ ಕೆಳಗೆ ಹಾಕುವ ಬದಲು ಎರಡು ಲಗ್ಗುಗಳ ನಡುವೆ ಹಾಕಿದ್ದರು. ತಾಮ್ರ ತಾಮ್ರವನ್ನು ಮುಟ್ಟಬೇಕಾದ ಕಡೆ ತುಕ್ಕು ಹಿಡಿದ ಉಕ್ಕಿನ ಚೂರು. ವಾಷರ್ ಕಾದು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು, ಲಗ್ಗಿನ ತವರದ ಲೇಪ ಕರಗಿ ಅಂಚಿನಲ್ಲಿ ಗುಳ್ಳೆಗಟ್ಟಿತ್ತು. ತಂತಿಯ ಪ್ಲಾಸ್ಟಿಕ್ ಹೊದಿಕೆ ಒಂದು ಗೇಣು ಉದ್ದಕ್ಕೆ ಒಣ ಕಡ್ಡಿಯಂತೆ ಮುರಿಯುತ್ತಿತ್ತು, ಒಳಗಿನ ಎಳೆಗಳು ಕಪ್ಪು. ಕಪ್ಪಗಾದಷ್ಟು ಕತ್ತರಿಸಿ ಹೊಸ ತಂತಿ, ಹೊಸ ಲಗ್ ಒತ್ತಿಸಿ, ಎಲ್ಲ ಮುಖಗಳನ್ನೂ ಉಪ್ಪುಕಾಗದದಿಂದ ತಿಕ್ಕಿ, ಲಗ್ಗಿನ ಮೇಲೆ ಲಗ್, ಅದರ ಮೇಲೆ ವಾಷರ್, ಆಮೇಲೆ ನಟ್ಟು. ಮತ್ತೆ ಅಳೆದಾಗ 0.15. ಎರಡು ಬ್ಯಾಟರಿ, ಒಂದು ಆಲ್ಟರ್ನೇಟರ್ ತಿಂದದ್ದು ಒಂದು ವಾಷರ್.

ಮೈನಸ್ ಬದಿಯಲ್ಲಿ ನಷ್ಟ ಸಿಕ್ಕಿದರೆ ಮೊದಲು ನೋಡಬೇಕಾದ್ದು ಅರ್ತ್ ಪಟ್ಟಿ. ಎಂಜಿನ್ ರಬ್ಬರ್ ಬುಷ್ಷುಗಳ ಮೇಲೆ ಕೂತಿರುವುದರಿಂದ ಬಾಡಿಗೂ ಎಂಜಿನ್ನಿಗೂ ಲೋಹದ ಸಂಬಂಧ ಕೊಡುವುದು ಆ ಜಡೆಯಂಥ ಪಟ್ಟಿಯೊಂದೇ. ಅದು ಹರಿದರೆ ಕರೆಂಟ್ ಸುಮ್ಮನಿರುವುದಿಲ್ಲ, ಸಿಕ್ಕ ದಾರಿ ಹಿಡಿಯುತ್ತದೆ: ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್. ಸೆಲ್ಫ್ ಹೊಡೆದ ಮೇಲೆ ಕ್ಲಚ್ ಕೇಬಲ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಗೊತ್ತಾಯಿತಲ್ಲ. ಬ್ಯಾಟರಿಯಲ್ಲಿ 10ರ ಮೇಲಿದ್ದೂ ಸೆಲ್ಫ್ ಕುಂಟುತ್ತದೆ ಎಂದು ಮೇಲೆ ಹೇಳಿದ ಗಾಡಿಗೂ ಬಹುತೇಕ ಇದೇ ಕಾಯಿಲೆ. ಖಾತ್ರಿ ಮಾಡಿಕೊಳ್ಳಲು ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಎಂಜಿನ್ನಿನ ಬರಿಲೋಹಕ್ಕೆ, ಇನ್ನೊಂದನ್ನು ಬ್ಯಾಟರಿ ಮೈನಸ್ಸಿಗೆ ಕಚ್ಚಿಸಿ. ಸೆಲ್ಫ್ ಚುರುಕಾದರೆ ಹೊಸ ಅರ್ತ್ ಪಟ್ಟಿ ತನ್ನಿ.

ಡ್ಯಾಶ್‌ಬೋರ್ಡಿನಲ್ಲಿ ಆಮೀಟರ್ (ಕರೆಂಟ್ ಅಳೆಯುವ ಮೀಟರ್) ಮುಳ್ಳು ಇರುವ ತೀರಾ ಹಳೆಯ ಗಾಡಿಗಳಲ್ಲಿ ಇನ್ನೊಂದು ಜಾಗ ನೋಡಬೇಕು. ಅಲ್ಲಿ ಚಾರ್ಜಿಂಗ್ ಕರೆಂಟು ಡ್ಯಾಶ್‌ಬೋರ್ಡಿನ ತನಕ ಹೋಗಿ ಆಮೀಟರಿನ ಎರಡು ನಟ್ಟುಗಳ ಮೂಲಕ ವಾಪಸ್ಸಾಗುತ್ತದೆ. ಅವು ಸಡಿಲಾದರೆ ಚಾರ್ಜ್ ಕಡಿಮೆಯಾಗುವುದು ಹಾಗಿರಲಿ, ಬೆಂಕಿಯ ಭಯವೂ ಇದೆ.

ಆಲ್ಟರ್ನೇಟರಿನದೇ ತಪ್ಪಾದಾಗ

ದಾರಿ ಸರಿ ಇದ್ದು ಬಿ ಪ್ಲಸ್ ಬೋಲ್ಟಿನ ಮೇಲೇ 13 ದಾಟದಿದ್ದರೆ ಆಗ ಆಲ್ಟರ್ನೇಟರಿನ ಕಡೆ ತಿರುಗಿ. ಬಿಚ್ಚುವ ಮುಂಚೆ ಒಂದು ಒರಟು ಪರೀಕ್ಷೆ: ಎಂಜಿನ್ ಓಡುವಾಗ ಆಲ್ಟರ್ನೇಟರಿನ ಹಿಂಬದಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಕುಟ್ಟಿ. ದೀಪ ಆರಿ ಹತ್ತಿ ಮಾಡಿದರೆ ಕಾರ್ಬನ್ ಬ್ರಷ್ ಸವೆದು ಅರೆಬರೆ ಮುಟ್ಟುತ್ತಿದೆ. ಎಷ್ಟೋ ಮಾದರಿಗಳಲ್ಲಿ ಬ್ರಷ್ ಮತ್ತು ಕಟೌಟ್ ಒಂದೇ ತುಂಡಾಗಿದ್ದು ಎರಡು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ, ಆಲ್ಟರ್ನೇಟರನ್ನು ಇಳಿಸುವುದೂ ಬೇಡ. ಹೊರಗೆ ಚಾಚಿದ ಇಂಗಾಲ 5 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬದಲಿಸಿ. ತೂತಿನೊಳಗೆ ಇಣುಕಿ ಸ್ಲಿಪ್ ರಿಂಗುಗಳನ್ನೂ (ರೋಟರಿನ ದಂಡದ ಮೇಲೆ ಬ್ರಷ್ ಉಜ್ಜುವ ಉಂಗುರಗಳು) ನೋಡಿ. ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದ ಸಾಕು, ಬ್ರಷ್ ಕೂರುವ ಜಾಗದಲ್ಲಿ ಆಳವಾದ ತಗ್ಗು ಬಿದ್ದಿದ್ದರೆ ಸಾಲದು. ಎರಡು ರಿಂಗುಗಳ ನಡುವೆ ಓಮ್ ಅಳೆದರೆ ಸಾಮಾನ್ಯವಾಗಿ 3ರಿಂದ 5ರ ಒಳಗೆ ಬರುತ್ತದೆ. ರಿಂಗಿಗೂ ದಂಡಕ್ಕೂ ನಡುವೆ ಏನೂ ಬರಬಾರದು.

ಡಯೋಡನ್ನು ಬಿಚ್ಚದೇ ಹಿಡಿಯಲು ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುತ್ತಾ ಭಾರ ಇರುವಾಗ ಬ್ಯಾಟರಿಯ ಮೇಲೆ ಇಡಿ. 0.1 ಒಳಗೆ ಇದ್ದರೆ ಡಯೋಡುಗಳು ಚೆನ್ನಾಗಿವೆ, 0.5 ದಾಟಿದರೆ ಒಂದಾದರೂ ಹೋಗಿದೆ. ಅಗ್ಗದ ಕೆಲವು ಮೀಟರುಗಳು ಎಸಿಯಲ್ಲಿಟ್ಟರೂ ಡಿಸಿಯನ್ನು ಹಿಡಿದು 25, 28 ಅಂತ ಏನೇನೋ ತೋರಿಸುತ್ತವೆ. ಎಂಜಿನ್ ಆಫ್ ಇದ್ದಾಗ ಒಮ್ಮೆ ಇಟ್ಟು ನೋಡಿ, ಸೊನ್ನೆ ಬಾರದಿದ್ದರೆ ಆ ಮೀಟರನ್ನು ಈ ಕೆಲಸಕ್ಕೆ ನಂಬಬೇಡಿ. ರೇಡಿಯೋದಲ್ಲಿ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿ ಇಳಿಯುವ ಗುಂಯ್ ಸದ್ದು ಕೂಡ ಡಯೋಡಿನ ಕಡೆಗೇ ಬೆರಳು ತೋರಿಸುತ್ತದೆ.

ತದ್ವಿರುದ್ಧ ಕಾಯಿಲೆಯೂ ಉಂಟು. ಬ್ಯಾಟರಿಯಲ್ಲಿ 15 ದಾಟುತ್ತಿದ್ದರೆ, ಪದೇ ಪದೇ ನೀರು ಇಂಗುತ್ತಿದ್ದರೆ, ಬಲ್ಬುಗಳು ಬೇಗ ಹೋಗುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚಾರ್ಜ್ ಅತಿಯಾಗುತ್ತಿದೆ. ಕಟೌಟ್ ಕೆಟ್ಟಿರಬಹುದು. ಆದರೆ ಕಟೌಟ್ ಬೇರೆ ಡಬ್ಬಿಯಲ್ಲಿರುವ ಗಾಡಿಯಲ್ಲಿ ಮೊದಲು ಆ ಡಬ್ಬಿಯ ಅರ್ತನ್ನೂ, ಅದಕ್ಕೆ ವೋಲ್ಟೇಜ್ ತೋರಿಸುವ ತಂತಿಯನ್ನೂ ಅಳೆಯಿರಿ. ತಂತಿಯಲ್ಲಿ ಒಂದು ವೋಲ್ಟ್ ನಷ್ಟವಾದರೆ ಕಟೌಟಿಗೆ ಬ್ಯಾಟರಿ ಹಸಿದಿರುವಂತೆ ಕಾಣುತ್ತದೆ, ಅದು ಇನ್ನೂ ಒಂದು ವೋಲ್ಟ್ ಹೆಚ್ಚಿಗೆ ಬಡಿಸುತ್ತದೆ.

ಹಗಲು ಸರಿ, ರಾತ್ರಿ ಕಳೆದರೆ ಡೌನ್

ಚಾರ್ಜಿಂಗ್ ಅಳತೆಗಳೆಲ್ಲ ಸರಿ ಇದ್ದೂ ಬ್ಯಾಟರಿ ನಿಂತಲ್ಲೇ ಖಾಲಿಯಾಗುತ್ತಿದ್ದರೆ ಯಾರೋ ಕದ್ದು ಕುಡಿಯುತ್ತಿದ್ದಾರೆ. ಒಂದು ರಾತ್ರಿ ಮೈನಸ್ ಬಿಚ್ಚಿಡಿ. ಆಗಲೂ ಬೆಳಿಗ್ಗೆಗೆ ವೋಲ್ಟೇಜ್ ಇಳಿದಿದ್ದರೆ ಬ್ಯಾಟರಿಯೇ ಒಳಗೊಳಗೆ ಸೋರುತ್ತಿದೆ. ಇಳಿಯದಿದ್ದರೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಬಿಚ್ಚಿದ ಮೈನಸ್ ಕ್ಲ್ಯಾಂಪಿಗೂ ಬ್ಯಾಟರಿ ಗೂಟಕ್ಕೂ ನಡುವೆ ಸೇರಿಸಿ. ಕೀ ತೆಗೆದಿರಲಿ, ಬಾಗಿಲು ಮುಚ್ಚಿರಲಿ. ಮೀಟರ್ ಹೀಗಿರುವಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಅಥವಾ ಮೀಟರೇ.

ಗಡಿಯಾರ, ರೇಡಿಯೋ ಇರುವ ಹಳೆಯ ವ್ಯಾನಿಗೆ 50 ಮಿಲಿ ಆಂಪಿಯರ್ ತನಕ ಚಿಂತೆಯಿಲ್ಲ. ಅರ್ಧ ಆಂಪಿಯರ್ ಬಂದರೆ ದಿನಕ್ಕೆ 12 ಆಂಪಿಯರ್-ಗಂಟೆ ಹೋಯಿತು. 60ರ ಬ್ಯಾಟರಿ ಮೂರು ದಿನ ನಿಂತರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಅಂಕಿ ದಡಕ್ಕನೆ ಇಳಿಯಿತೋ ಆ ಸಾಲಿನಲ್ಲಿದ್ದಾನೆ ಕಳ್ಳ. ಡ್ಯಾಶ್‌ಬೋರ್ಡಿನ ಗೂಡಿನೊಳಗಿನ ದೀಪ, ಹಿಂಬಾಗಿಲಿನ ಸ್ವಿಚ್ಚು, ಆಮೇಲೆ ಹಾಕಿಸಿದ ಅಲಾರಂ ಸಾಮಾನ್ಯ ಅಪರಾಧಿಗಳು. ಎಲ್ಲ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಫ್ಯೂಸಿಲ್ಲದ ದಾರಿ ಉಳಿಯಿತು, ಅದೇ ಆಲ್ಟರ್ನೇಟರ್. ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ಎತ್ತಿ ಆಲ್ಟರ್ನೇಟರ್ ಮುಟ್ಟಿ ನೋಡಿ. ಎಂಜಿನ್ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ.

ಮಲಗುವ ವ್ಯವಸ್ಥೆ ಮಾಡಿಕೊಂಡ ವ್ಯಾನಿನಲ್ಲಿ ಎರಡನೇ ಬ್ಯಾಟರಿ ಇದ್ದರೆ ಮೊದಲು ಅದನ್ನು ಪೂರ್ತಿ ಬೇರ್ಪಡಿಸಿ, ಆಮೇಲೆ ಮೇಲಿನ ಎಲ್ಲ ಅಳತೆ ಮಾಡಿ. ವೋಲ್ಟೇಜ್ ನೋಡಿ ಎರಡನ್ನೂ ಕೂಡಿಸುವ ರಿಲೇ ಸಾಮಾನ್ಯವಾಗಿ 13.3ರ ಹತ್ತಿರ ಸೇರಿಸಿ 12.8ರ ಹತ್ತಿರ ಬಿಡಿಸಬೇಕು. ಅದರ ಪಾಯಿಂಟುಗಳು ಸುಟ್ಟು ಅಂಟಿಕೊಂಡಿದ್ದರೆ ರಾತ್ರಿ ಒಳಗಿನ ದೀಪಗಳು ಕುಡಿಯುವುದು ಸೆಲ್ಫ್ ಹೊಡೆಯುವ ಬ್ಯಾಟರಿಯನ್ನೇ.

ಎಲ್ಲ ಸರಿಯಾದ ದಿನ ಮತ್ತೊಮ್ಮೆ ಅಳೆದು ಬರೆದಿಡಿ. ನನ್ನ ವ್ಯಾನಿನ ಬಾನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ: ನಿಂತಾಗ 12.6, ಸೆಲ್ಫ್ ಹೊಡೆಯುವಾಗ 10.4, ಐಡ್ಲಿಂಗ್ 14.1, ಭಾರದಲ್ಲಿ 13.9, ಪ್ಲಸ್ ದಾರಿ 0.15, ಅರ್ತ್ ದಾರಿ 0.08. ಕೆಳಗೆ ತಾರೀಖು.